ಡೆರೆಕ್‌ನ ಗಿಟಾರಿಗೆ ನಾನು ಬರೆದ ಹೆಚ್ಚಿನ ಪದ

ಇಟ್ಟಿಗೆಯಿಂದಲೇ ಶುರು ಮಾಡುತ್ತೇನೆ. ಈ ಕೆಲಸದಲ್ಲಿ ನನ್ನ ಮೊದಲ ತಪ್ಪು ಅದು.

ಬರೆಯಲು ಹೇಳಿದವಳು ಚೈತ್ರಾ. ಮೈಸೂರಿನ ಹುಡುಗಿ, ನನ್ನ ನೌಕರಿಯ ಕೊನೆಯ ಮೂರು ವರ್ಷ ಪಕ್ಕದ ಮೇಜಿನಲ್ಲಿ ಕೂತವಳು. "ಆಂಟಿ, ಆಫೀಸಲ್ಲಿ ಈಗ ಕನ್ನಡದವರೇ ಐದು ಜನ ಆಗಿದೀವಿ. ಟ್ರೈನಿಂಗ್ ಮ್ಯಾನುಯಲ್ ಎಲ್ಲಾ ಇದೆ, ಅದರಲ್ಲಿ ಇಲ್ಲದ್ದು ಬರೆದುಕೊಡಿ," ಎಂದಳು. ಕೈಪಿಡಿಯಲ್ಲಿ ಇಲ್ಲದ್ದೆಂದರೆ ನನ್ನ ತಪ್ಪುಗಳು. ಬಡ್ತಿ ಎರಡು ಸಲ ಸಿಕ್ಕಿತು, ಎರಡು ಸಲವೂ ಕುರ್ಚಿ ಬದಲಾಯಿತೇ ಹೊರತು ಕೆಲಸ ಬದಲಾಗಲಿಲ್ಲ. ಅದನ್ನು ಬಿಟ್ಟುಬಿಡುತ್ತೇನೆ. ಒಂದು ಇಂಗ್ಲಿಷ್ ರಾಕ್ ಬ್ಯಾಂಡಿನ ಕಥೆ ಹೇಳುತ್ತೇನೆ. ಅವರ ಸಾಮಾನಿನ ಪಟ್ಟಿ ಬರೆಯುತ್ತ ನಾನು ಕೆಲಸ ಕಲಿತೆ. ಕೆಲಸ ಬಿಡುವ ವರ್ಷ ಅದೇ ಪಟ್ಟಿಯಲ್ಲಿ ಒಂದು ಪದ ಹೆಚ್ಚು ಬರೆದು, ಆ ಬ್ಯಾಂಡಿನ ಗಿಟಾರ್ ವಾದಕನ ಒಂದೇ ಒಂದು ಸಂಜೆಯನ್ನು ಹಾಳು ಮಾಡುವುದರಲ್ಲಿದ್ದೆ. ಬ್ಯಾಂಡಿನ ಹೆಸರು ಹೇಳುವುದಿಲ್ಲ. ಗಿರಾಕಿಯ ಹೆಸರು ಹೊರಗೆ ಹೇಳದೆ ಮೂವತ್ತೇಳು ವರ್ಷ ಕಳೆದ ಬಾಯಿ ಇದು.

ನಮ್ಮದು ಹಾಲೆಂಡಿನ ರಾಟರ್‌ಡ್ಯಾಮಿನಲ್ಲಿ ಕಸ್ಟಮ್ಸ್ ಏಜೆಂಟರ ಆಫೀಸು. ನನ್ನವರು ಬಂದರಿನಲ್ಲಿ ಹಡಗು ರಿಪೇರಿ ಎಂಜಿನಿಯರ್. ಮನೆಯಲ್ಲಿ ಕೂತು ಬೇಸರವಾಗಿ ನಾನು ಟೈಪಿಸ್ಟಾಗಿ ಸೇರಿಕೊಂಡೆ. ಮೊದಲ ವಾರವೇ ಕೈಗೆ ಬಂದದ್ದು ಕಾರ್ನೆ. ಸ್ವಲ್ಪ ದಿನಕ್ಕೆಂದು ಒಂದು ದೇಶಕ್ಕೆ ಬಂದು ಮತ್ತೆ ಹಿಂದಕ್ಕೆ ಹೋಗುವ ಸಾಮಾನಿಗೆ ಸುಂಕವಿಲ್ಲ, ಆದರೆ ಬಂದದ್ದೆಲ್ಲ ಹೋಯಿತೆಂದು ತೋರಿಸಬೇಕು. ಹಾಗೆ ತೋರಿಸುವ ಪಟ್ಟಿಯ ಪುಸ್ತಕವೇ ಕಾರ್ನೆ. ಒಳಗೆ ಬರುವಾಗ ಒಂದು ಮುದ್ರೆ, ಹೊರಗೆ ಹೋಗುವಾಗ ಇನ್ನೊಂದು. ನಡುವೆ ಒಂದು ತಂತಿ ಕಡಿಮೆಯಾದರೂ ಉತ್ತರ ಹೇಳಬೇಕಾದವರು ನಾವು. ಆ ಬ್ಯಾಂಡಿನವರು ಯುರೋಪಿನ ಊರೂರು ಸುತ್ತುತ್ತಿದ್ದರು. ಪಟ್ಟಿಯನ್ನು ನಾವು ತಯಾರಿಸಿ ಕಳಿಸುತ್ತಿದ್ದೆವು, ಅವರ ಊರಿನಲ್ಲಿ ಅದಕ್ಕೆ ಮೊಹರು ಬೀಳುತ್ತಿತ್ತು.

ರಾಕ್ ಸಂಗೀತದ ಗಂಧಗಾಳಿ ನನಗಿರಲಿಲ್ಲ. ಅವರ ಒಂದು ಹಾಡನ್ನೂ ಕೇಳಿರಲಿಲ್ಲ. ನನಗೆ ಅವರು ಒಂದರಿಂದ ಎಪ್ಪತ್ತರವರೆಗಿನ ಐಟಂಗಳು. ಹಾಡುವವನು ಮಾರ್ಟಿನ್, ಅವನದ್ದು ನಾಲ್ಕು ಮೈಕು. ಬೇಸ್ ಗಿಟಾರಿನ ಟ್ರೆವರ್, ಅವನದ್ದು ಎರಡು ಬೇಸು, ಒಂದು ದೊಡ್ಡ ಪೆಟ್ಟಿಗೆ. ಡ್ರಮ್ ಬಾರಿಸುವ ರಾಯ್‌ನದ್ದು ಇಪ್ಪತ್ತಾರು ಸಾಲು. ಗಿಟಾರಿನ ಡೆರೆಕ್‌ನದ್ದು ಆರು ಗಿಟಾರು, ಅವುಗಳಲ್ಲಿ ಒಂದಕ್ಕೆ ಮಾತ್ರ ವಿದ್ಯುತ್ತಿಲ್ಲ, ಬರೀ ಮರದ್ದು. ಸಾಮಾನು ಹೊರುವ, ಗಾಡಿ ಓಡಿಸುವ, ಬೈಸಿಕೊಳ್ಳುವ ಕೆಲಸ ಕೆನ್‌ನದ್ದು. ಪಟ್ಟಿಗೆ ವಿವರ ಕೊಡುತ್ತಿದ್ದವನೂ ಅವನೇ.

ರಾಯ್ ಜೋರಾಗಿ ಬಾರಿಸಿದರೆ ದೊಡ್ಡ ಡ್ರಮ್ಮು ವೇದಿಕೆಯ ಮೇಲೆ ಮುಂದಕ್ಕೆ ಜಾರುತ್ತಿತ್ತಂತೆ. ಅದಕ್ಕೆ ಅಡ್ಡ ಇಡಲು ಅವನು ಒಂದು ಇಟ್ಟಿಗೆ ಇಟ್ಟುಕೊಂಡಿದ್ದ. ಕೆನ್ ಹೇಳಿದ, ನಾನು ಬರೆದೆ: ಇಟ್ಟಿಗೆ, ಕೆಂಪು, ಒಂದು. ಬಣ್ಣ ಯಾರೂ ಕೇಳಿರಲಿಲ್ಲ. ಹೊಸ ಕೆಲಸ, ಅಚ್ಚುಕಟ್ಟು ತೋರಿಸುವ ಆಸೆ. ಹದಿನೈದು ದಿನ ಬಿಟ್ಟು ಅವರು ಹುಕ್ ಆಫ್ ಹಾಲೆಂಡ್ ಬಂದರಿಗೆ, ಇಂಗ್ಲೆಂಡಿಗೆ ಗಾಡಿಗಳನ್ನೂ ಒಯ್ಯುವ ದೊಡ್ಡ ದೋಣಿ ಹಿಡಿಯಲು ಬಂದಾಗ ಇಟ್ಟಿಗೆ ಇಲ್ಲ. ಯಾವುದೋ ಸಭಾಂಗಣದಲ್ಲಿ ಬಿಟ್ಟು ಬಂದಿದ್ದರು. ಕೆನ್ ಓಡಿಹೋಗಿ ಹಡಗು ನಿಲ್ಲುವ ದಕ್ಕೆಯ ಪಕ್ಕದಿಂದ ಒಂದು ಇಟ್ಟಿಗೆ ಎತ್ತಿಕೊಂಡು ಬಂದ. ಈ ದೇಶದ ಹಳೆಯ ಇಟ್ಟಿಗೆ ಹಳದಿ ಬಣ್ಣದ್ದು. ಅಧಿಕಾರಿ ಪಟ್ಟಿ ನೋಡಿದ, ಇಟ್ಟಿಗೆ ನೋಡಿದ, ಮತ್ತೆ ಪಟ್ಟಿ ನೋಡಿದ. "ಕೆಂಪು ಅಂತ ಇದೆ," ಎಂದ. ಅದನ್ನು ಸರಿಮಾಡಲು ಆಫೀಸಿನಿಂದ ವಿಲ್ಲೆಮ್ ಬಂದು ಎರಡು ಕಾಗದ ಬರೆಯಬೇಕಾಯಿತು. ಅಷ್ಟರಲ್ಲಿ ದೋಣಿ ಹೊರಟುಹೋಯಿತು. ಐದು ಜನ ಗಂಡಸರು ಒಂದು ಇಟ್ಟಿಗೆಯನ್ನು ನಡುವೆ ಇಟ್ಟುಕೊಂಡು ದಕ್ಕೆಯ ಮೇಲೆ ಸಂಜೆಯವರೆಗೆ ಕೂತಿದ್ದರು.

ವಿಲ್ಲೆಮ್ ನನ್ನ ಮೇಲಧಿಕಾರಿ. ಸಿಟ್ಟು ಬಂದರೆ ಕೂಗುತ್ತಿರಲಿಲ್ಲ, ಕನ್ನಡಕ ಒರೆಸುತ್ತಿದ್ದ. ಆ ದಿನ ಬಹಳ ಹೊತ್ತು ಒರೆಸಿದ. "ಸುಮತಿ, ಕಣ್ಣೆದುರು ಇರೋದನ್ನ ಬರಿ. ಕೇಳಿದ್ದಷ್ಟೇ ಬರಿ. ನಿನಗೆ ಗೊತ್ತಿರೋದೆಲ್ಲ ಬರೀಬೇಡ. ನೀನು ಹೆಚ್ಚು ಬರೆದಷ್ಟೂ ಅವನು ಹೆಚ್ಚು ಹುಡುಕ್ತಾನೆ," ಎಂದ. ಈ ಮಾತನ್ನು ಮೂವತ್ತು ವರ್ಷ ಎಲ್ಲ ಹೊಸಬರಿಗೂ ಹೇಳಿದ್ದೇನೆ. ಹೇಳಿದವಳೇ ಮುರಿದೆ, ಅದು ಆಮೇಲಿನ ಮಾತು. ರಾಯ್‌ಗೆ ಮಾತ್ರ ಆ ಹಳದಿ ಇಟ್ಟಿಗೆ ಹಿಡಿಸಿಬಿಟ್ಟಿತು. ಮುಂದಿನ ವರ್ಷದ ಪಟ್ಟಿಯಲ್ಲಿ ಬರೀ "ಇಟ್ಟಿಗೆ, ಒಂದು" ಎಂದು ಹಾಕಿದೆ.

ಆಗಿನ ಕೆಲಸವೇ ಬೇರೆ. ಟೈಪ್‌ರೈಟರಿನಲ್ಲಿ ಐದು ಪ್ರತಿ, ನಡುವೆ ಮಸಿ ಕಾಗದ. ಒಂದಕ್ಷರ ತಪ್ಪಿದರೆ ಐದನ್ನೂ ಕೆರೆಯಬೇಕು. ಬೆರಳ ತುದಿ ಯಾವಾಗಲೂ ನೀಲಿ, ಅದೇ ಕೈಯಲ್ಲಿ ಚಪಾತಿ ಹಿಟ್ಟು ಕಲಸಲು ಅಳುಕು. ಚಳಿಗಾಲದಲ್ಲಿ ತೆರೆದ ದಕ್ಕೆಯ ಮೇಲೆ ನಿಂತು ಗಿಟಾರಿನ ಕತ್ತಿನ ಹಿಂದಿನ ನಂಬರು ಓದಬೇಕು. ಇಂದಿನ ಮಕ್ಕಳು ಬೆಚ್ಚಗೆ ಕೂತು ಪರದೆ ಒತ್ತುತ್ತಾರೆ. ಅವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ, ಒಳ್ಳೆಯದೇ ಆಯಿತು. ಆದರೆ ನಂಬರನ್ನು ಕೈಯಾರೆ ಮುಟ್ಟಿ ನೋಡಿದವರಿಗೆ ಸಾಮಾನು ನೆನಪಿರುತ್ತದೆ. ಸಾಮಾನು ನೆನಪಿದ್ದರೆ ಜನ ನೆನಪಿರುತ್ತಾರೆ.

ಒಂದು ವರ್ಷ ಪಟ್ಟಿಯಲ್ಲಿ ಬೇಸು ಎರಡೂ ಇರಲಿಲ್ಲ. ನಾನು ಮರೆತಿದ್ದಾರೆಂದುಕೊಂಡು ಫೋನ್ ಮಾಡಿದೆ. ಕೆನ್ ನಿಟ್ಟುಸಿರು ಬಿಟ್ಟು, "ಮರೆತಿಲ್ಲ. ಟ್ರೆವರ್ ಬಿಟ್ಟ. ಮದುವೆ ಆಗಿ ಅಂಗಡಿ ಇಟ್ಟಿದಾನೆ," ಎಂದ. ಅವನ ಜಾಗದಲ್ಲಿ ಯಾರೋ ಹೊಸಬನ ಒಂದು ಬೇಸು, ಜತೆಗೆ ಮೂರು ಕೀಬೋರ್ಡು. ಅವರ ಅಭಿಮಾನಿಗಳು ಪತ್ರಿಕೆಯಲ್ಲಿ ಓದಿ ತಿಳಿದುಕೊಳ್ಳುವ ಮೊದಲೇ ನನ್ನ ಮೇಜಿಗೆ ಸುದ್ದಿ ಬರುತ್ತಿತ್ತು. ಯಾರ ಸಾಲು ಉದ್ದವಾಯಿತು, ಯಾರದ್ದು ಗಿಡ್ಡವಾಯಿತು ಎಂದು ನೋಡಿದರೆ ಸಾಕು. ಮಾರ್ಟಿನ್‌ನ ಮೈಕುಗಳು ನಾಲ್ಕರಿಂದ ಒಂಬತ್ತಾದಾಗ, ಇನ್ನು ಜಗಳ ಖಂಡಿತ ಎಂದು ನನ್ನವರ ಹತ್ತಿರ ಹೇಳಿದ್ದೆ.

ಜಗಳ ಆದದ್ದು ನನ್ನ ಕಣ್ಣೆದುರೇ. ಹುಕ್‌ನ ಗಾಡಿ ನಿಲ್ಲಿಸುವ ಜಾಗದಲ್ಲಿ ಸಾಮಾನು ಇಳಿಸಿ ಎಣಿಸುತ್ತಿದ್ದೆವು. ಹೊಸ ರೆಕಾರ್ಡಿನ ಮೇಲೆ ಯಾರ ಹೆಸರು ಮೊದಲು ಬರಬೇಕೆಂದು ಮಾರ್ಟಿನ್‌ಗೂ ಡೆರೆಕ್‌ಗೂ ಮಾತು ಬೆಳೆಯಿತು. ಮಾರ್ಟಿನ್ ಸಿಟ್ಟಿನಲ್ಲಿ ಒಂದು ಹೆಜ್ಜೆ ಹಿಂದೆ ಇಟ್ಟ. ಅಲ್ಲಿ ಡೆರೆಕ್‌ನ ಆ ಮರದ ಗಿಟಾರನ್ನು ನಾನು ನಂಬರು ನೋಡಲೆಂದು ಬೋರಲು ಮಲಗಿಸಿದ್ದೆ. ಬೂಟು ಅದರ ಬೆನ್ನೊಳಗೆ ಹೋಯಿತು. ಆ ಶಬ್ದ ನನಗೆ ಇವತ್ತಿಗೂ ಕೇಳಿಸುತ್ತದೆ. ಮಾರ್ಟಿನ್ ಕ್ಷಮೆ ಕೇಳಲಿಲ್ಲ. ಡೆರೆಕ್ ಕೂಗಾಡಲಿಲ್ಲ. ಅದು ಅವನು ಹುಡುಗನಾಗಿದ್ದಾಗ ಕೊಂಡ ಗಿಟಾರು, ಬ್ಯಾಂಡಿನ ಮೊದಲ ಹಾಡು ಹುಟ್ಟಿದ್ದು ಅದರಲ್ಲಿ ಎಂದು ಕೆನ್ ಆಮೇಲೆ ಹೇಳಿದ.

ಡೆಲ್ಫ್ಟ್ ಊರಿನಲ್ಲಿ ಡೆರೆಕ್‌ಗೆ ಗೊತ್ತಿದ್ದ ಒಬ್ಬ ರಿಪೇರಿಯವನಿದ್ದ. ಗಿಟಾರು ಅವನ ಹತ್ತಿರ ಉಳಿಯಬೇಕು, ಪಟ್ಟಿ ಪ್ರಕಾರ ಅದು ದೇಶ ಬಿಡಬೇಕು. ಅದಕ್ಕೆ ಬೇರೆ ಕಾಗದ ಮಾಡಿದೆ. ಮೂರು ವಾರ ಬಿಟ್ಟು ಡೆರೆಕ್ ಒಬ್ಬನೇ ಬಂದಾಗ, ನಂಬರು ತಾಳೆ ನೋಡಲು ನಾನೂ ಜತೆಗೆ ಹೋದೆ. ರಿಪೇರಿಯವರೆಲ್ಲ ಒಂದೇ ಜಾತಿ, ಕೆಲಸ ಮುಗಿದಿರಲಿಲ್ಲ. ಹೊಸ ಬೆನ್ನು ಸಿದ್ಧವಾಗಿತ್ತು, ಇನ್ನೂ ಅಂಟಿಸಿರಲಿಲ್ಲ.

ಬಾಗಿಲು ದಾಟುತ್ತಿದ್ದಂತೆ ಮೂಗಿಗೆ ಬಡಿದ ವಾಸನೆಗೆ ನಾನು ನಿಂತುಬಿಟ್ಟೆ. ನನ್ನ ಅಪ್ಪ ಮಂಗಳೂರಿನ ಬಂದರಿನ ಹತ್ತಿರ ಒಂದು ಮರದ ಡಿಪೋದಲ್ಲಿ ಅಳತೆ ಬರೆಯುವ ಗುಮಾಸ್ತರಾಗಿದ್ದರು. ಶಾಲೆ ಬಿಟ್ಟು ನಾನು ಅಲ್ಲಿಗೇ ಹೋಗಿ ದಿಮ್ಮಿಯ ಮೇಲೆ ಕೂತು ಲೆಕ್ಕ ಮಾಡುತ್ತಿದ್ದೆ. ಬೀಟೆ ಮರ ಕೊಯ್ದ ದಿನ ಇಡೀ ಡಿಪೋ ಸಿಹಿ ಸಿಹಿ ವಾಸನೆ, ಅಪ್ಪನ ಅಂಗಿಯಲ್ಲೂ ಅದೇ. ಡೆಲ್ಫ್ಟ್‌ನ ಆ ಸಣ್ಣ ಕೋಣೆಯಲ್ಲಿ, ಹೊರಗೆ ಕಾಲುವೆ ಹೆಪ್ಪುಗಟ್ಟಿದ್ದಾಗ, ಅಪ್ಪ ಪಕ್ಕದಲ್ಲಿ ಬಂದು ನಿಂತ ಹಾಗಾಯಿತು. ನನಗೆ ಅಳು ಬಂತು. "ಇದು ನಮ್ಮ ಕಡೆಯ ಮರ," ಎಂದೆ ಡೆರೆಕ್‌ಗೆ. "ಹೆಸರೇನು?" ಎಂದ. "ಬೀಟೆ." ಅವನು ಮೂರು ನಾಲ್ಕು ಸಲ ಹೇಳಿ ಹೇಳಿ ಸರಿಮಾಡಿಕೊಂಡ.

ಗಿಟಾರು ಮಾಡುವವರಲ್ಲಿ ಒಂದು ಪದ್ಧತಿ ಉಂಟು. ಮುಚ್ಚುವ ಮೊದಲು ಒಳಬದಿಯಲ್ಲಿ ಪೆನ್ಸಿಲಿನಿಂದ ಹೆಸರು ಬರೆಯುತ್ತಾರೆ, ಮುಂದೆ ಯಾರಾದರೂ ಬಿಚ್ಚಿದಾಗ ಕಾಣಲೆಂದು. ರಿಪೇರಿಯವನು ತನ್ನ ಹೆಸರು, ಊರು, ತಾರೀಕು, ಮರ ಯಾವುದು ಎಂದೆಲ್ಲ ಡಚ್ಚಿನಲ್ಲಿ ಬರೆದ. ಆಮೇಲೆ ಪೆನ್ಸಿಲನ್ನು ನನ್ನ ಕಡೆ ಚಾಚಿದ. ನಾನು ಅಪ್ಪ ದಿಮ್ಮಿಯ ತುದಿಯಲ್ಲಿ ಬರೆಯುತ್ತಿದ್ದ ಹಾಗೆ, ದಪ್ಪಕ್ಷರದಲ್ಲಿ, ಕನ್ನಡದಲ್ಲಿ "ಬೀಟೆ" ಎಂದು ಬರೆದೆ. ಅವನು ಅಂಟು ಹಚ್ಚಿ ಮುಚ್ಚಿದ. ನಾನು ಆಫೀಸಿಗೆ ಬಂದು ಕಾಗದಕ್ಕೆ ಮುದ್ರೆ ಹಾಕಿಸಿದೆ. ಸತ್ಯ ಹೇಳಬೇಕೆಂದರೆ ಒಳಗೆ ಬರೆದದ್ದನ್ನು ಮರೆತೇಬಿಟ್ಟೆ.

ಎರಡು ಮೂರು ವರ್ಷದಲ್ಲಿ ಯುರೋಪಿನ ಒಕ್ಕೂಟದೊಳಗಿನ ಸುಂಕದ ಗಡಿಗಳು ಕಳಚಿಬಿದ್ದವು. ಒಂದು ಜನವರಿಯ ಬೆಳಿಗ್ಗೆ ಆಫೀಸಿಗೆ ಹೋದರೆ ಕೆಲಸವೇ ಇಲ್ಲ. ಅರ್ಧ ಜನ ಮನೆಗೆ ಹೋದರು. ವಿಲ್ಲೆಮ್ ಕನ್ನಡಕ ಒರೆಸಿಕೊಂಡು ಎಲ್ಲರ ಕೈ ಕುಲುಕಿ ತಾನೂ ಹೋದ. ನಾನು ಉಳಿದೆ, ದೂರದ ದೇಶಗಳ ಹೆಪ್ಪುಗಟ್ಟಿದ ಮೀನು, ಪಂಪಿನ ಬಿಡಿಭಾಗ, ಗಾರ್ಮೆಂಟು ಇದರಲ್ಲೇ ದಿನ ಹೋಯಿತು. ಇಂಗ್ಲೆಂಡಿನ ಸಾಮಾನು ಪಟ್ಟಿಯಿಲ್ಲದೆ ಓಡಾಡತೊಡಗಿತು. ಬ್ಯಾಂಡಿನ ಸುದ್ದಿ ಕೆನ್‌ನ ಕ್ರಿಸ್ಮಸ್ ಕಾರ್ಡಿನಲ್ಲಿ ವರ್ಷಕ್ಕೆ ಎರಡು ಸಾಲು. ಡೆರೆಕ್ ಬ್ಯಾಂಡು ಬಿಟ್ಟ. ಮಾರ್ಟಿನ್ ಬೇರೆಯವನನ್ನು ಸೇರಿಸಿಕೊಂಡ. ಇಬ್ಬರಿಗೂ ಮಾತಿಲ್ಲ. ಒಂದು ವರ್ಷದ ಕಾರ್ಡಿನಲ್ಲಿ, ರಾಯ್ ತೀರಿಕೊಂಡ ಎಂದಿತ್ತು. ಮುಖ ಸರಿಯಾಗಿ ನೆನಪಿರದ ಮನುಷ್ಯನಿಗಾಗಿ ಇಪ್ಪತ್ತಾರು ಸಾಲು ನೆನಪಾಗಿ ಬೇಸರವಾಯಿತು.

ಆಮೇಲೆ ಬ್ರಿಟನ್ ಒಕ್ಕೂಟ ಬಿಟ್ಟಿತು. ಕಾರ್ನೆ ಮತ್ತೆ ಬಂತು. ಆಫೀಸಿನಲ್ಲಿ ಅದನ್ನು ಬರೆಯಲು ಬರುತ್ತಿದ್ದದ್ದು ನನಗೊಬ್ಬಳಿಗೆ. ನಿವೃತ್ತಿಗೆ ಹತ್ತಿರವಾಗಿ ಮೂಲೆಗೆ ಬಿದ್ದಿದ್ದವಳನ್ನು ಎತ್ತಿ ನಡುಮನೆಯಲ್ಲಿ ಕೂರಿಸಿದರು. ಮ್ಯಾನೇಜರು ನನ್ನ ವಯಸ್ಸಿನ ಅರ್ಧದವನು, ಕಾಫಿ ತಂದುಕೊಡತೊಡಗಿದ. ಸುಳ್ಳೇಕೆ, ನನಗೆ ಸ್ವಲ್ಪ ಕೊಬ್ಬು ಬಂತು.

ಆ ಕೊನೆಯ ವಸಂತದಲ್ಲಿ ಕೆನ್ ಫೋನ್ ಮಾಡಿದ. ಧ್ವನಿ ಮುದಿಯಾಗಿತ್ತು. "ಸುಮತಿ, ನೀನಿನ್ನೂ ಅಲ್ಲೇ ಇದೀಯಾ? ದೇವರು ದೊಡ್ಡವನು. ಬ್ಯಾಂಡಿನದ್ದು ಕೊನೇ ಸುತ್ತು. ರಾಟರ್‌ಡ್ಯಾಮ್‌ನಲ್ಲಿ ಡೆರೆಕ್ ಬರ್ತಾನೆ, ಒಂದು ಹಾಡು ಮಾರ್ಟಿನ್ ಜತೆ. ಮೂವತ್ತು ವರ್ಷ ಆಯ್ತು ಅವರಿಬ್ಬರು ಮಾತಾಡಿ. ಒಪ್ಪಿಸೋಕೆ ನಾನು ಎರಡು ವರ್ಷ ಸತ್ತಿದೀನಿ."

"ಒಳ್ಳೇದಾಯ್ತಲ್ಲ."

"ಒಂದೇ ತೊಂದರೆ. ಅವನ ಬೆರಳು ಗಂಟು ಕಟ್ಟಿದೆ. ಬೇರೆ ಯಾವ ಗಿಟಾರಲ್ಲೂ ತಂತಿ ಒತ್ತೋಕೆ ಆಗಲ್ಲ. ಆ ಹಳೇ ಮರದ್ದೇ ಬೇಕು. ಅದನ್ನ ಮಾತ್ರ ನೋಡ್ಕೋ."

ಅವನು ಫೋಟೋ ಕಳಿಸಿದ, ನಾನು ಪಟ್ಟಿ ಬರೆದೆ. ಇಪ್ಪತ್ತಮೂರನೆಯ ಐಟಂಗೆ ಬಂದಾಗ ಆ ಬೆನ್ನಿನ ಫೋಟೋ ನೋಡುತ್ತ ಸ್ವಲ್ಪ ಹೊತ್ತು ಕೂತೆ. ಕಪ್ಪು ನೇರಳೆ ಗೆರೆ ಹಾಗೆಯೇ ಇತ್ತು. ಗಿಟಾರಿನ ಉಳಿದ ಮೈ ಬೇರೆ ಮರದ್ದು, ಬೆನ್ನು ಮಾತ್ರ ನಮ್ಮ ಬೀಟೆ, ಇಂಗ್ಲಿಷಿನಲ್ಲಿ ರೋಸ್‌ವುಡ್. ಟೈಪ್ ಮಾಡಿದೆ: ಗಿಟಾರ್, ಹಳೆಯದು, ಬೆನ್ನು ರೋಸ್‌ವುಡ್.

ಚೈತ್ರಾ ಪಕ್ಕದಿಂದ ಬಗ್ಗಿ ನೋಡಿದಳು. "ಆಂಟಿ, ಮರದ ಹೆಸರು ಬೇಕಾ? ಟೆಂಪ್ಲೇಟ್‌ನಲ್ಲಿ ಆ ಕಾಲಮ್ಮೇ ಇಲ್ವಲ್ಲ."

"ಇರ್ಲಿ ಮಾರಾಯ್ತಿ. ನಮ್ಮ ಊರಿನ ಮರ. ಒಂದು ಪದ ಇದ್ರೆ ಎಂತ ಆಗ್ತದೆ?"

ಎಂತ ಆಗುತ್ತದೆಂದು ಆ ಶನಿವಾರ ಬೆಳಿಗ್ಗೆ ಹುಕ್‌ನಲ್ಲಿ ಗೊತ್ತಾಯಿತು. ದೋಣಿ ಎಂಟಕ್ಕೆ ಬಂತು. ಟ್ರಕ್ಕಿನ ಜತೆ ಕೆನ್, ಅವನ ಪಕ್ಕದ ಸೀಟಿನಲ್ಲಿ ಡೆರೆಕ್. ಬಿಳಿ ಕೂದಲು, ಬಾಗಿದ ಬೆನ್ನು. ನನ್ನನ್ನು ನೋಡಿದವನೇ ಊದಿದ ಬೆರಳುಗಳ ಕೈ ಚಾಚಿ, "ಬೀಟೆ," ಎಂದ. ನನಗೆ ಎಷ್ಟು ಖುಷಿಯಾಯಿತೆಂದರೆ ನನ್ನ ಜತೆ ಬಂದಿದ್ದ ಚೈತ್ರಾಳ ಕಡೆ ತಿರುಗಿ ಹುಬ್ಬು ಹಾರಿಸಿದೆ.

ಕಸ್ಟಮ್ಸ್ ಅಧಿಕಾರಿ ಮರೈಕೆ ಎಂಬ ಹುಡುಗಿ. ನಗುಮುಖ, ಕೆಲಸದಲ್ಲಿ ಮಾತ್ರ ಒಂದು ಕೂದಲೆಳೆ ಬಿಡುವುದಿಲ್ಲ. ಪಟ್ಟಿಯ ಮೇಲೆ ಬೆರಳು ಓಡಿಸುತ್ತ ಬಂದವಳು ಇಪ್ಪತ್ತಮೂರಕ್ಕೆ ನಿಂತಳು. ಇಲ್ಲಿ ಮೇಡಂ ಎನ್ನುವುದಕ್ಕೆ ಮೆವ್ರೌ ಎನ್ನುತ್ತಾರೆ.

"ಮೆವ್ರೌ, ಇಲ್ಲಿ ರೋಸ್‌ವುಡ್ ಅಂತ ನೀವೇ ಬರೆದಿದ್ದೀರಿ. ಯಾವ ದೇಶದ್ದು?"

"ಭಾರತದ್ದು."

"ಹಳೇ ಗಿಟಾರ್‌ಗಳಲ್ಲಿ ಬ್ರೆಜಿಲ್‌ದೇ ಜಾಸ್ತಿ. ಅದು ಅಳಿವಿನಂಚಿನ ಮರ, ಅದಾದ್ರೆ ಸರ್ಟಿಫಿಕೇಟ್ ಇಲ್ದೆ ಒಳಗೆ ಬಿಡೋ ಹಾಗಿಲ್ಲ. ಭಾರತದ್ದು ಅನ್ನೋಕೆ ಕಾಗದ ಇದ್ಯಾ?"

ಇರಲಿಲ್ಲ. ಆ ರಿಪೇರಿಯ ಕಾಗದವನ್ನು ನಮ್ಮ ಆಫೀಸು ಎಂದೋ ಚೂರು ಮಾಡಿತ್ತು, ರಿಪೇರಿಯವನು ಬದುಕಿರಲಿಲ್ಲ. ಬೀಟೆಯ ಸಿದ್ಧ ವಾದ್ಯಕ್ಕೆ ಈಗ ಯಾವ ಪರವಾನಗಿಯೂ ಬೇಡ, ಆದರೆ ಅದು ಬೀಟೆ ಎಂದು ನನ್ನ ಮೂಗು ಹೇಳಿದರೆ ಸಾಲದು. ಮರ ಗುರುತಿಸುವ ತಜ್ಞರು ಬರುವುದು ಸೋಮವಾರ. ಕಾರ್ಯಕ್ರಮ ಅದೇ ಸಂಜೆ. ಮರೈಕೆ ಗಿಟಾರಿನ ಪೆಟ್ಟಿಗೆಯನ್ನು ಜೋಪಾನವಾಗಿ ಎತ್ತಿ ಜಾಲರಿಯ ಹಿಂದಿನ ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಅವಳ ತಪ್ಪು ಒಂದಿಷ್ಟೂ ಇಲ್ಲ. ನಾನು ಬರೀ "ಗಿಟಾರ್" ಎಂದು ಬರೆದಿದ್ದರೆ ಅವಳು ಅಲ್ಲಿ ನಿಲ್ಲುತ್ತಲೇ ಇರಲಿಲ್ಲ.

ಕೆನ್ ನನ್ನ ಮುಖ ನೋಡಿದ. ಡೆರೆಕ್ ನೋಡಲಿಲ್ಲ. ಮೂವತ್ತೇಳು ವರ್ಷದಲ್ಲಿ ಎಷ್ಟೋ ಸಾಮಾನು ತಡೆದು ನಿಂತಿದೆ, ಮೀನು ಕೊಳೆತಿದೆ, ಯಂತ್ರ ತುಕ್ಕು ಹಿಡಿದಿದೆ. ಯಾವುದಕ್ಕೂ ನನಗೆ ಅಷ್ಟು ನಾಚಿಕೆಯಾಗಿರಲಿಲ್ಲ. ಅಪ್ಪನ ಮರ ಎಂಬ ಜಂಬಕ್ಕೆ ಒಬ್ಬ ಮುದುಕನ ಒಂದು ಹಾಡು ಹೋಗುತ್ತಿತ್ತು.

ಉಳಿದ ಸಾಮಾನಿಗೆ ಮುದ್ರೆ ಬಿತ್ತು. ಸಭಾಂಗಣದಲ್ಲಿ ಕಾಯುತ್ತಿದ್ದರಿಂದ ಕೆನ್ ಟ್ರಕ್ಕು ತೆಗೆದುಕೊಂಡು ಹೊರಡಲೇಬೇಕಾಯಿತು. ಹೋಗುವ ಮೊದಲು, ಆಗಲೇ ಬಂದು ರಾಟರ್‌ಡ್ಯಾಮಿನ ಹೋಟೆಲಿನಲ್ಲಿದ್ದ ಮಾರ್ಟಿನ್‌ಗೆ ಫೋನ್ ಮಾಡಿ ವಿಷಯ ಹೇಳಿದ. ಡೆರೆಕ್ ನನ್ನ ಪಕ್ಕದ ಬೆಂಚಿನಲ್ಲಿ ಕೂತ.

"ಪರವಾಗಿಲ್ಲ. ನಾನು ಮಧ್ಯಾಹ್ನದ ದೋಣಿಯಲ್ಲೇ ವಾಪಸ್ ಹೋಗ್ತೀನಿ," ಎಂದ.

"ಹಾಗೆ ಹೇಳಬೇಡಿ. ತಪ್ಪು ನನ್ನದು. ಆ ಪದ ನಾನು ಬರೀಬಾರದಿತ್ತು."

"ನೀವು ಆವತ್ತೂ ಬರೆದಿದ್ರಲ್ಲ," ಎಂದು ನಕ್ಕ. "ಒಳಗಡೆ."

ನಾನು ಬೆಪ್ಪಾಗಿ ನೋಡಿದೆ. ಇದನ್ನು ಓದುತ್ತಿರುವ ನಿಮಗೆ ನೆನಪಿದೆ, ನನಗೆ ನೆನಪಿರಲಿಲ್ಲ. ಅವನು ಗಾಳಿಯಲ್ಲಿ ಬೆರಳಿನಿಂದ ಬರೆಯುವ ಹಾಗೆ ತೋರಿಸಿದ. "ಪೆನ್ಸಿಲ್. ಅವನು ಮೊದಲು, ಆಮೇಲೆ ನೀವು. ಡೆಲ್ಫ್ಟ್‌ನಲ್ಲಿ. ಮುಚ್ಚಿದ ಮೇಲೆ ನಾನು ಯಾವತ್ತೂ ನೋಡಿಲ್ಲ, ಅದು ಒಳಗಿದೆ ಅಂತ ಗೊತ್ತು ಅಷ್ಟೇ."

ನಾನು ಎದ್ದು ಓಡಿದ ರೀತಿಗೆ ಚೈತ್ರಾ ಹೆದರಿಬಿಟ್ಟಳಂತೆ. ಮರೈಕೆ ನನ್ನ ಮಾತನ್ನು ಪೂರ್ತಿ ಕೇಳಿದಳು. "ನನ್ನ ಎದುರಿಗೇ ತೆಗೀಬೇಕು. ಗಿಟಾರಿಗೆ ಏನೂ ಆಗಬಾರದು," ಎಂದು ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟಳು. ಬರಹ ಇದ್ದದ್ದು ಬುಡದ ಕಡೆ, ನಡುವಿನ ತೂತಿನಿಂದ ಇಣುಕಿದರೆ ಕಾಣದು. ಕೈ ಒಳಗೆ ಹೋಗಬೇಕಾದರೆ ತಂತಿ ಸಡಿಲಿಸಬೇಕು. ಡೆರೆಕ್ ಗಿಟಾರಿನ ಕಿವಿ, ಅಂದರೆ ತಂತಿ ಬಿಗಿಯುವ ಬಿರಡೆ, ತಿರುಪಲು ನೋಡಿದ. ಬೆರಳು ಜಾರಿತು, ಮತ್ತೆ ಹಿಡಿದ, ಮತ್ತೆ ಜಾರಿತು. ನಾನು, ಚೈತ್ರಾ ಮುಟ್ಟಲು ಹೆದರಿದೆವು, ಹಳೆಯ ಮರ, ಏನಾದರೂ ಸೀಳಿದರೆ ಎಂದು.

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಎತ್ತರದ ಮುದುಕ, ಉಸಿರು ಬಿಡುತ್ತ, ಕೈಯಲ್ಲಿ ಮೆಟ್ರೋದ ಕಾರ್ಡು. ಮಾರ್ಟಿನ್. ರಾಟರ್‌ಡ್ಯಾಮಿನಿಂದ ಮೆಟ್ರೋ ಹಿಡಿದು, ನಿಲ್ದಾಣದಿಂದ ನಡೆದೇ ಬಂದಿದ್ದ. ಮೇಜಿನ ಹತ್ತಿರ ಬಂದು ಡೆರೆಕ್‌ನ ಕೈಯನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿ, ತಾನೇ ಒಂದೊಂದೇ ಕಿವಿ ತಿರುಪತೊಡಗಿದ.

"ಒಡೆದಿದ್ದು ನಾನು," ಎಂದ ತಲೆ ಎತ್ತದೆ. "ಬಿಚ್ಚೋದೂ ನಾನೇ. ಮೂವತ್ತು ವರ್ಷದಿಂದ ಹೇಳ್ಬೇಕು ಅಂತಿದ್ದೆ ಡೆರೆಕ್. ತಪ್ಪಾಯ್ತು."

ಡೆರೆಕ್ ಗಿಟಾರಿನ ಕಡೆ ಬಗ್ಗಿದ. "ಮೂರನೇ ತಂತಿ ನಿಧಾನ. ಅದು ಬೇಗ ತುಂಡಾಗುತ್ತೆ," ಎಂದ. ಅವರ ಮೂವತ್ತು ವರ್ಷದ ಮೌನ ಮುಗಿದದ್ದು ಅಷ್ಟರಲ್ಲಿ.

ನಾನಾಗಿದ್ದರೆ ಕನ್ನಡಿ ಹುಡುಕುತ್ತಿದ್ದೆ. ಚೈತ್ರಾ ತನ್ನ ಫೋನನ್ನೇ ಒಳಗೆ ಇಳಿಸಿ, ಬೆಳಕು ಹಾಕಿ, ನಾಲ್ಕೈದು ಫೋಟೋ ತೆಗೆದಳು. ಹೊರಗೆ ತೆಗೆದು ಎಲ್ಲರಿಗೂ ಕಾಣುವ ಹಾಗೆ ಹಿಡಿದಳು. ಧೂಳಿನ ನಡುವೆ ಡಚ್ಚಿನ ಮೂರು ಸಾಲು, ಕೆಳಗೆ ದಪ್ಪಕ್ಷರದಲ್ಲಿ ಬೀಟೆ. ಚೈತ್ರಾ ನನ್ನ ಕಡೆ ತಿರುಗಿದಳು. "ಆಂಟಿ, ಇದು ಕನ್ನಡ."

"ಹೌದು ಮಾರಾಯ್ತಿ. ಅದು ನಾನು."

ಮರೈಕೆ ಡಚ್ಚಿನ ಸಾಲುಗಳನ್ನು ಗಟ್ಟಿಯಾಗಿ ಓದಿದಳು. ಹೆಸರು, ಊರು, ತಾರೀಕು, ಭಾರತದ ರೋಸ್‌ವುಡ್‌ನ ಹೊಸ ಬೆನ್ನು. ಆಮೇಲೆ ಕೆಳಗಿನದನ್ನು ತೋರಿಸಿ ಏನೆಂದು ಕೇಳಿದಳು. ಹೇಳಿದೆ. "ನೀವು ಬರೆದದ್ದು ನಿಮಗೇ ಸಾಕ್ಷಿ ಆಗಲ್ಲ ಮೆವ್ರೌ," ಎಂದು ನಕ್ಕಳು, "ಆದರೆ ಅವನದ್ದು ಆಗುತ್ತೆ." ತಜ್ಞರ ಮನೆಗೆ ಫೋನ್ ಮಾಡಿದಳು. ಬರಹದ ಫೋಟೋ, ಬೆನ್ನಿನ ಅಂಚಿನಲ್ಲಿ ಮರದ ಗೆರೆ ಕಾಣುವ ಫೋಟೋ ಎರಡನ್ನೂ ಕಳಿಸಿದಳು. ಮುಕ್ಕಾಲು ಗಂಟೆ ಕಾದೆವು. ಚೈತ್ರಾ ಯಂತ್ರದಿಂದ ಕಾಫಿ ತಂದಳು, ಯಾರೂ ಕುಡಿಯಲಿಲ್ಲ. ಮರೈಕೆಯ ಫೋನು ಹೊಡೆದುಕೊಂಡಿತು. ಅವಳು ಕೇಳಿಸಿಕೊಂಡಳು, ಹೌದು ಹೌದು ಎಂದಳು, ಫೋನಿಟ್ಟು ಮುದ್ರೆ ಎತ್ತಿಕೊಂಡಳು.

ಹೋದ ಜೀವ ಬಂತು.

ಮಾರ್ಟಿನ್ ತಂತಿ ಬಿಗಿದ, ಡೆರೆಕ್ ಕಿವಿಗೊಟ್ಟು ಕೇಳುತ್ತ ಏರಿಸು, ಇಳಿಸು ಎಂದ. ಶ್ರುತಿ ಸರಿಯಾಯಿತೇ ಎಂದು ನೋಡಲು ಡೆರೆಕ್ ಗಿಟಾರನ್ನು ಎದೆಗೆ ಒತ್ತಿಕೊಂಡು ನುಡಿಸಿದ. ಬೆರಳು ಡೊಂಕಾಗಿತ್ತು, ಆದರೆ ಆ ಗಿಟಾರಿನಲ್ಲಿ ಅವಕ್ಕೆ ದಾರಿ ಗೊತ್ತಿತ್ತು. ನಾಲ್ಕು ಸುತ್ತು ಆದ ಮೇಲೆ ಮಾರ್ಟಿನ್ ಮೆಲ್ಲನೆ, ಮಾತಾಡುವಷ್ಟೇ ಧ್ವನಿಯಲ್ಲಿ ಹಾಡಿದ. ಮರೈಕೆ ಮುದ್ರೆ ಕೈಯಲ್ಲಿ ಹಿಡಿದೇ ನಿಂತಿದ್ದಳು. ಟ್ರಕ್ಕಿನ ಡ್ರೈವರುಗಳು ಬಾಗಿಲ ಹತ್ತಿರ ಬಂದು ನಿಂತರು. ಎಷ್ಟೋ ಸಲ ಆ ಗಿಟಾರನ್ನು ನಾನು ಎಣಿಸಿದ್ದೆ, ನಂಬರು ಓದಿದ್ದೆ, ಬೆನ್ನು ಸವರಿದ್ದೆ. ಅದರ ಧ್ವನಿ ಕೇಳಿದ್ದು ಅದೇ ಮೊದಲು. ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ಅಪ್ಪ ಅಳೆದು ಕಳಿಸಿದ ದಿಮ್ಮಿಗಳು ಎಲ್ಲಿಗೆ ಹೋಗುತ್ತವೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಸಂಜೆಗೆ ಅವರು ಎರಡು ಟಿಕೆಟ್ ಕೊಟ್ಟರು. ಚೈತ್ರಾ ಗೆಳತಿಯ ಜತೆ ಹೋದಳು. ನಾನು ಮನೆಗೆ ಹೋಗಿ ಅನ್ನ ಸಾರು ಉಂಡು ಮಧ್ಯಾಹ್ನವೇ ಮಲಗಿ ಗಡದ್ದಾಗಿ ನಿದ್ದೆ ಮಾಡಿದೆ. ನಾನು ಕೇಳಬೇಕಾದ್ದು ಕೇಳಿಯಾಗಿತ್ತು.

ಸೋಮವಾರ ಬೆಳಿಗ್ಗೆ ಎಲ್ಲ ಹಿಂದಕ್ಕೆ ಹೊರಟಿತು. ಒಂದೊಂದೇ ಸಾಲು ಓದಿದೆ, ಒಂದೊಂದೇ ಪೆಟ್ಟಿಗೆ ಮುಟ್ಟಿದೆ. ಬಂದದ್ದೆಲ್ಲ ಇತ್ತು. ಇಪ್ಪತ್ತಮೂರಕ್ಕೆ ಬಂದಾಗ ಮರೈಕೆ ನನ್ನ ಕಡೆ ನೋಡಿ ಮುದ್ರೆ ಒತ್ತಿದಳು. ಬಂದದ್ದೆಲ್ಲ ಹೋಯಿತು ಎಂಬ ಆ ನಿರಾಳಕ್ಕಿಂತ ದೊಡ್ಡದು ನಮ್ಮ ಕೆಲಸದಲ್ಲಿ ಬೇರೆ ಇಲ್ಲ. ಹೊಸದಾಗಿ ಸೇರುವವರೇ, ಅದು ಸಿಕ್ಕ ದಿನ ಬೇಗ ಮನೆಗೆ ಹೋಗಿ.

ಟ್ರಕ್ಕು ಹೊರಡುವ ಮೊದಲು ಕೆನ್ ತನ್ನ ಉಪಕರಣದ ಡಬ್ಬಿಯ ತಳದಿಂದ, ಹಳೆಯ ಟವೆಲಿನಲ್ಲಿ ಸುತ್ತಿದ್ದ ಏನನ್ನೋ ತೆಗೆದು ನನ್ನ ಕೈಗಿಟ್ಟ. "ರಾಯ್‌ದು. ಇಷ್ಟು ವರ್ಷ ನನ್ನ ಹತ್ತಿರ ಇತ್ತು. ಪಟ್ಟಿಯಲ್ಲಿಲ್ಲ, ಹಾಗಾಗಿ ಇಲ್ಲೇ ಇರಲಿ," ಎಂದ. ಮರೈಕೆ ಆ ಹೊತ್ತಿಗೆ ಸರಿಯಾಗಿ ಸಮುದ್ರದ ಕಡೆ ನೋಡುತ್ತಿದ್ದಳು.

ಈಗ ಅದು ನಮ್ಮ ಮನೆಯ ಬಾಗಿಲಿಗೆ ಅಡ್ಡ ಇದೆ, ಗಾಳಿಗೆ ಬಡಿದುಕೊಳ್ಳದ ಹಾಗೆ. ಮೊನ್ನೆ ಊಟಕ್ಕೆ ಬಂದ ಚೈತ್ರಾ, ಇದನ್ನೆಲ್ಲ ಬರೆಯುವಾಗ ಅದನ್ನೂ ಸರಿಯಾಗಿ ವರ್ಣಿಸಿ ಎಂದಳು. ಬರೆದಿದ್ದೇನೆ: ಇಟ್ಟಿಗೆ, ಒಂದು.